ಕೊನೆಯ ಮಾತಿಗೆ ಸಾಕ್ಷಿ

ನನ್ನ ಪುಸ್ತಕದ ಮೊದಲ ಅಧ್ಯಾಯ ‘ಅವ್ವಾ’ ಎಂಬ ಮಾತಿಗೆ ಬಂದು ಮುಗಿಯುತ್ತಿತ್ತು. ಬ್ಯಾಡಗಿಯ ದಾರಿಯಲ್ಲಿ ಮಗುಚಿಬಿದ್ದ ಗಾಡಿಯ ಕೆಳಗಿನಿಂದ ಅಗಡಿಯ ಹುಡುಗಿಯೊಬ್ಬಳು ಒಮ್ಮೆ ಹಾಗೆ ಕೂಗಿ ಸುಮ್ಮನಾಗುತ್ತಾಳೆ. ಕರಡು ಓದಿದ ಧಾರವಾಡದ ಸಂಪಾದಕರು ಫೋನ್ ಮಾಡಿ, “ಇದರಾಗ ಒಂದಕ್ಷರ ಮುಟ್ಟಬ್ಯಾಡ್ರಿ ಮೇಡಂ. ಓದಿದ ಮ್ಯಾಲೆ ಊಟ ಸೇರಲಿಲ್ಲ ನನಗ” ಎಂದರು. ಕೇಳಿ ಸಮಾಧಾನವಾಯಿತು. ಆ ಅಧ್ಯಾಯಕ್ಕೆ ಒಂದು ಇಡೀ ಮಳೆಗಾಲ ಕೊಟ್ಟಿದ್ದೆ.

ಪುಸ್ತಕ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ. ಸುಗ್ಗಿಯ ತಿಂಗಳುಗಳಲ್ಲಿ ಹಾವೇರಿ, ರಾಣೆಬೆನ್ನೂರು ಸುತ್ತಿನ ಹಳ್ಳಿಗಳಿಂದ ಅವರು ನಸುಕಿನಲ್ಲೇ ಸರಕಿನ ಗಾಡಿಗಳನ್ನು ಹತ್ತಿ ಬ್ಯಾಡಗಿಗೆ ಹೋಗುತ್ತಾರೆ, ಕತ್ತಲಾಗುವ ಹೊತ್ತಿಗೆ ಕಣ್ಣು ಕೈ ಉರಿಸಿಕೊಂಡು ಮರಳುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಗಾಡಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ಹೊರಳಿದ ಮೇಲೆ ರಸ್ತೆ ಪಕ್ಕದ ತಗ್ಗಿಗೆ ಉರುಳಿತು. ಹಲವರಿಗೆ ಪೆಟ್ಟಾಯಿತು. ಸತ್ತವಳು ಒಬ್ಬಳೇ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದು ಹೋಯಿತು. ಓದುವವರು ಮೊದಲು ಆ ಒಬ್ಬಳನ್ನು ಹತ್ತಿರದಿಂದ ನೋಡಬೇಕು, ಕೂಲಿ, ಗಾಡಿ, ಮಾರುಕಟ್ಟೆಯ ಮಾತು ಆಮೇಲೆ ಬರಬೇಕು ಎಂದು ನಾನೂ ಸಂಪಾದಕರೂ ಒಪ್ಪಿಕೊಂಡಿದ್ದೆವು.

ನಾನಿರುವುದು ಹಾವೇರಿಯಲ್ಲಿ, ಹಾಗಾಗಿ ಅಗಡಿ ನನಗೆ ದೂರವಲ್ಲ. ಸತ್ತ ಹುಡುಗಿಯ ತಾಯಿಯನ್ನು ಮೊದಲು ನೋಡಲು ಹೋದಾಗ ಅವರು ಎಮ್ಮೆಗೆ ನೀರಿಡುತ್ತಿದ್ದರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಇದ್ದವಳು ಒಬ್ಬಳೇ ಮಗಳು. ಆವತ್ತು ನಾನು ರೆಕಾರ್ಡರ್ ಹೊರಗೆ ತೆಗೆಯಲಿಲ್ಲ. ಮೊದಲ ಭೇಟಿಯಲ್ಲಿ ಯಂತ್ರ ಕಂಡರೆ ಜನ ಯಂತ್ರದ ಜೊತೆಗೇ ಮಾತಾಡುತ್ತಾರೆ, ಎದುರಿಗೆ ಕೂತವರ ಜೊತೆ ಮಾತಾಡುವುದಿಲ್ಲ. ಎರಡು ಮೂರು ಸಲ ಹೋಗಿ, ಚಹಾ ಕುಡಿದು, ಬೇರೆ ಏನೇನೋ ಮಾತಾಡಿ ಬಂದೆ. ಆಮೇಲೆ ಒಂದು ದಿನ ಅವರೇ ಶುರು ಮಾಡಿದರು.

“ವಾರದ ಮ್ಯಾಲಾಗಿತ್ರಿ ನನ್ನ ಜೋಡಿ ಮಾತ ಬಿಟ್ಟು. ಒಂದ ಕಡೆ ಹುಡುಗನ ನೋಡಿ ನಾ ಹೂಂ ಅಂದಿದ್ದೆ. ಆಕಿ ಒಲ್ಲೆ ಅಂದ್ಳು. ನಾ ಒಂದ ಅಂದೆ, ಆಕಿ ಒಂದ ಅಂದ್ಳು. ಆವತ್ತ ಮುಂಜಾನಿ ಬುತ್ತಿ ಕಟ್ಟಿ ಕಟ್ಟೀ ಮ್ಯಾಲೆ ಇಟ್ಟೆ. ತಗೊಂಡು ಹೋದ್ಳು. ಹೋಗಿ ಬರ್ತೇನಿ ಅನ್ನಲಿಲ್ಲ. ನಾನೂ ಕೇಳಲಿಲ್ಲ.”

ಚಹಾದ ಲೋಟ ನನ್ನ ಕಡೆ ಸರಿಸಿ, “ಆದ್ರ ಕೊನಿಗೆ ನನ್ನ ಕರದ್ಳ್ರಿ. ಅವ್ವಾ ಅಂದ್ಳಂತ. ಬಾಜೂ ಇದ್ದ ಗೆಳತಿ ಕೇಳ್ಯಾಳ. ಸಿಟ್ಟಿದ್ರ ಕರೀತಿದ್ಳೇನ್ರಿ?” ಎಂದರು.

ಈ ಪ್ರಶ್ನೆಯನ್ನು ಅವರು ಮನೆಗೆ ಬಂದವರಿಗೆಲ್ಲ ಕೇಳುತ್ತಿದ್ದರು. “ಸಿಟ್ಟೆಲ್ಲಿ ಬಂತು ಬಿಡ್ರಿ” ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿದೆ.

ಗೆಳತಿ ಅದೇ ಗಾಡಿಯಲ್ಲಿದ್ದವಳು. ಕಾಲಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಮಲಗಿದ್ದು, ಆಮೇಲೆ ರಾಣೆಬೆನ್ನೂರಿನ ಹತ್ತಿರದ ಹಲಗೇರಿಗೆ ಮದುವೆಯಾಗಿ ಹೋಗಿದ್ದಳು. ಆಕೆಯ ನಂಬರು ಸಿಕ್ಕಿತು. ಫೋನಿನಲ್ಲಿ ದನಿ ಸಣ್ಣಗಿತ್ತು, ಹಿಂದೆ ಮನೆಯವರ ಮಾತು ಕೇಳುತ್ತಿತ್ತು. “ಕೊನೆಗೆ ಅವ್ವಾ ಅಂದಳಂತೆ, ನೀನು ಕೇಳಿದ್ದು ಹೌದಾ?” ಎಂದೆ. “ಹೂನ್ರಿ” ಎಂದು ಇಟ್ಟುಬಿಟ್ಟಳು.

ನಾನು ಬರೆಯುವ ಕ್ರಮ ಹೀಗೆ. ಕರಡಿನ ಪ್ರತಿ ಹಾಳೆಯ ಬಲಗಡೆ ಅಗಲವಾದ ಅಂಚು ಬಿಡುತ್ತೇನೆ. ಬರೆದು ಮುಗಿಸಿದ ಮೇಲೆ ಒಂದೊಂದೇ ವಾಕ್ಯ ಓದುತ್ತ, ಇದು ನನಗೆ ಹೇಗೆ ಗೊತ್ತು ಎಂದು ಆ ಅಂಚಿನಲ್ಲಿ ಗುರುತು ಹಾಕುತ್ತೇನೆ. ನಾನೇ ನೋಡಿದ್ದೋ, ನೋಡಿದವರು ಹೇಳಿದ್ದೋ, ನನ್ನ ಊಹೆಯೋ. ಊಹೆ ಎಂದು ಗುರುತಾದ ವಾಕ್ಯಕ್ಕೆ ಆಧಾರ ಹುಡುಕಬೇಕು, ಸಿಗದಿದ್ದರೆ ಹೊಡೆದುಹಾಕಬೇಕು. ಕೂತು ಮಾಡಿದರೆ ಇದು ಬಹಳ ಬೇಸರದ ಕೆಲಸ. ಅದರಲ್ಲೂ ಒಳ್ಳೆಯದೆನಿಸಿದ ವಾಕ್ಯಗಳೇ ಹೆಚ್ಚಾಗಿ ಊಹೆಯ ಪಾಲಿಗೆ ಬೀಳುತ್ತವೆ. ‘ಆಕೆ ಅವ್ವನ ಮುಖ ನೆನೆಯುತ್ತ ಗಾಡಿ ಹತ್ತಿದಳು’ ಎಂದು ಬರೆದಿದ್ದೆ. ಸತ್ತವಳ ಮನಸ್ಸಿನೊಳಗೆ ನಾನು ಹೇಗೆ ಹೋದೆ? ಹೊಡೆದೆ. ‘ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು’ ಎಂದು ಬರೆದಿದ್ದೆ. ಅದೇ ಹೊತ್ತಿಗೆ ಅದೇ ಹಾದಿಯಲ್ಲಿ ಅಂಥದೇ ಒಂದು ಗಾಡಿಯಲ್ಲಿ ಹೆಂಗಸರ ನಡುವೆ ಕೂತು ಹೋಗಿ ನೋಡಿದೆ. ಘಾಟು ಊರು ಮುಟ್ಟಿದ ಮೇಲೆ ಬರುತ್ತದೆ, ಗಾಡಿ ಉರುಳಿದ ತಿರುವಿನಲ್ಲಿ ಡೀಸೆಲ್ ವಾಸನೆ ಬಿಟ್ಟರೆ ಬೇರೆ ಏನೂ ಇಲ್ಲ. ಅದನ್ನೂ ಹೊಡೆದೆ.

‘ಅವ್ವಾ’ ಎಂಬುದರ ಮುಂದೆ ಎರಡು ಗುರುತು ಇದ್ದವು: ತಾಯಿ, ಗೆಳತಿ. ಎರಡು ಕಡೆಯಿಂದ ಖಾತ್ರಿಯಾಗಿದೆ ಎಂದುಕೊಂಡಿದ್ದೆ. ತಾಯಿಗೆ ಅದನ್ನು ಹೇಳಿದವಳು ಆ ಗೆಳತಿಯೇ, ಹಾಗಾಗಿ ಇವು ಎರಡಲ್ಲ, ಒಂದೇ ಎಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಸಂಪಾದಕರ ಹೊಗಳಿಕೆಯ ಮರುದಿನವೂ ಬರಲಿಲ್ಲ.

ಅದು ಬಂದದ್ದು ಮಂಜಿನ ದೆಸೆಯಿಂದ. ಆ ಮುಂಜಾನೆ ರಸ್ತೆಗೆ ಮಂಜು ಮುಸುಕಿತ್ತು ಎಂದು ಬರೆದಿದ್ದೆ. ಪತ್ರಿಕೆಯ ನಾಲ್ಕು ಸಾಲಿನಲ್ಲಿ ಹಾಗಿತ್ತು. ಗಾಡಿಯಲ್ಲಿದ್ದ ಹೆಂಗಸರನ್ನು ಕೇಳಿದರೆ ಕೆಲವರು ಇತ್ತು ಎಂದರು, ಕೆಲವರು ನಾವು ನಿದ್ದೆಯಲ್ಲಿದ್ದೆವು ಎಂದರು. ಮಂಜಿನ ಬಗ್ಗೆ ಖಚಿತವಾಗಿ ಹೇಳಬಲ್ಲವನು ಗಾಡಿ ನಡೆಸುತ್ತಿದ್ದವನು ಒಬ್ಬನೇ. ಅವನನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ಎಲ್ಲರೂ ಅವನನ್ನೇ ಬೈಯುತ್ತಿದ್ದರು, ಕೋರ್ಟಿನಲ್ಲಿ ಕೇಸೂ ನಡೆಯುತ್ತಿತ್ತು.

ಅವನು ಕರ್ಜಗಿಯವನು. ಗಾಡಿ ಬಿಟ್ಟು ಇಟ್ಟಿಗೆ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಮೊದಲ ಸಲ ಹೋದಾಗ ನನ್ನನ್ನು ನೋಡಿ ಎದ್ದು ಹೋದ. ಎರಡನೆಯ ಸಲ, “ನಾ ಹೇಳೂದೇನೈತ್ರಿ, ಎಲ್ಲಾ ನೀವ ಬರದೀರಿ” ಎಂದ, ಪತ್ರಿಕೆಯವರನ್ನೂ ನನ್ನನ್ನೂ ಸೇರಿಸಿ. ಆಮೇಲೊಮ್ಮೆ ಹೋದಾಗ ರೆಕಾರ್ಡರ್, ಪೆನ್ನು ಎರಡನ್ನೂ ಚೀಲದಲ್ಲಿ ಹಾಕಿ ಚೀಲವನ್ನು ದೂರ ಇಟ್ಟು, ಒಂದೇ ಪ್ರಶ್ನೆ ಕೇಳಿದೆ: ಆವತ್ತು ಮಂಜಿತ್ತೇ?

“ಇರಲಿಲ್ರಿ” ಎಂದ. “ಇದ್ದಿದ್ರ ನನಗ ಚಲೋ ಆಗ್ತಿತ್ತು. ವಕೀಲರೂ ಇತ್ತು ಅಂತ ಹೇಳು ಅಂದ್ರು. ಇರಲಿಲ್ಲ. ಎದರಿಗೆ ಬಂದ ಬೈಕ್ ಉಳಸಾಕ ಹೋದೆ, ಗಾಲಿ ಕೆಳಗಿಳೀತು. ಮಂದಿ ಭಾಳ ಇದ್ರು ಗಾಡಿಯೊಳಗ. ಅದೂ ಖರೇ.”

ತನ್ನ ಕೇಸಿಗೆ ಪೆಟ್ಟಾಗುವ ಮಾತನ್ನು ಅವನು ಹಾಗೆ ಹೇಳಿದ್ದರಿಂದ ನಾನು ಮುಂದಕ್ಕೂ ಕೇಳಿದೆ. ಬಿದ್ದ ಮೇಲೆ ಏನಾಯಿತು?

“ಮೊದಲು ಇಳದಾಂವ ನಾನ. ಆ ಹುಡುಗಿ ಗಾಡೀ ಪಕ್ಕದ ಕಬ್ಬಣದ ಪಟ್ಟೀ ಕೆಳಗಿದ್ಳು. ನಾ ಹೋಗೂದ್ರಾಗ ಜೀವ ಇರಲಿಲ್ರಿ.”

“ಏನರ ಕೂಗಿದ್ಳೇನು?”

“ಆಕೀದು ಯಾವ ದನೀನೂ ಬರಲಿಲ್ಲ. ಕೂಗಿದವ್ರು ಉಳದವ್ರು. ಆಕಿ ಗೆಳತಿ ಅಂತೂ ಆಕಡೆ ಹೊಲದಾಗ ಬಿದ್ದಿದ್ಳು, ದೂರ. ಎಚ್ಚರ ಇರಲಿಲ್ಲ ಆಕೀಗ.”

ಬಸ್ಸಿನಲ್ಲಿ ವಾಪಸು ಬರುವಾಗ ಇವನು ಸುಳ್ಳು ಹೇಳಲು ಏನು ಕಾರಣವಿರಬಹುದು ಎಂದು ಹುಡುಕಿದೆ. ಹುಡುಗಿ ನರಳದೆ ಸತ್ತಳು ಎಂದುಕೊಂಡರೆ ಅವನಿಗೇ ಸ್ವಲ್ಪ ಹಗುರಾಗಬಹುದು. ಕೂಗಿದ್ದು ಅವನಿಗೆ ಕೇಳದೆಯೂ ಇದ್ದಿರಬಹುದು. ನಿಜ ಹೇಳಬೇಕೆಂದರೆ, ಅವನದು ಸುಳ್ಳಾಗಲಿ ಎಂದೇ ನಾನು ಬಯಸುತ್ತಿದ್ದೆ. ಅಧ್ಯಾಯ ಉಳಿಯುತ್ತಿತ್ತು.

ಮರುದಿನ ಬ್ಯಾಡಗಿ ದಾರಿಯ ಆ ತಿರುವಿಗೆ ಹೋದೆ. ಅಲ್ಲೊಂದು ಚಹಾದಂಗಡಿ. ನಡೆಸುವವರು ವಯಸ್ಸಾದವರು, ಗಾಡಿ ಬಿದ್ದಾಗ ಮೊದಲು ಓಡಿ ಬಂದವರಲ್ಲಿ ಒಬ್ಬರು. ನಾನು ಹುಡುಗಿಯ ವಿಷಯ ಎತ್ತದೆ, ಯಾರು ಎಲ್ಲೆಲ್ಲಿ ಬಿದ್ದಿದ್ದರು ತೋರಿಸುತ್ತೀರಾ ಎಂದಷ್ಟೇ ಕೇಳಿದೆ. ಏನು ಕೇಳಬೇಕೆಂದಿದ್ದೇವೋ ಅದನ್ನೇ ಪ್ರಶ್ನೆಯೊಳಗೆ ಇಟ್ಟು ಕೇಳಿದರೆ ಜನ ಹೌದೆಂದುಬಿಡುತ್ತಾರೆ. ಹಲಗೇರಿಗೆ ಫೋನ್ ಮಾಡಿದಾಗ ನಾನು ಮಾಡಿದ್ದು ಅದೇ. ಅವರು ಅಂಗಡಿ ಬಿಟ್ಟು ಬಂದು ತಗ್ಗಿನ ಅಂಚಿನಲ್ಲಿ ನಿಂತು ಕೈ ಮಾಡಿ ತೋರಿಸಿದರು. ಗಾಡಿ ಇಲ್ಲಿ, ತೀರಿಕೊಂಡವಳು ಇಲ್ಲಿ. ಆಮೇಲೆ ಬೇಲಿಯಾಚೆಯ ಹೊಲದ ಕಡೆ ತೋರಿಸಿ, “ಇನ್ನೊಂದು ಹುಡುಗಿ ಅಲ್ಲಿ. ಕಾಲು ಮುರದಿತ್ತು. ನನ್ನ ಟವೆಲ್ಲ ಕಟ್ಟೇನಿ. ಮಾರಿಗೆ ನೀರ ಹೊಡದೆ, ಕಣ್ಣ ಬಿಡಲಿಲ್ಲ. ಆಸ್ಪತ್ರಿ ಗಾಡಿಗೆ ಹಾಕೂತನಾ ಬಿಡಲಿಲ್ಲ” ಎಂದರು.

ನಾನು ಬೇಲಿಯವರೆಗೆ ನಡೆದು ಹೋಗಿ ತಿರುಗಿ ನೋಡಿದೆ. ಎಚ್ಚರವಿದ್ದರೂ ಅಲ್ಲಿಂದ, ಅಷ್ಟು ಜನರ ಕೂಗಿನ ನಡುವೆ, ಒಬ್ಬಳ ದನಿ ಗುರುತು ಸಿಗುವ ಹಾಗಿರಲಿಲ್ಲ.

ಹಲಗೇರಿಗೆ ಈ ಸಲ ಫೋನ್ ಮಾಡದೆ ಹೋದೆ. ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ, ಕೇಳಿಕೊಂಡು ಮನೆ ಮುಟ್ಟಿದಾಗ ಮಧ್ಯಾಹ್ನ. ಅತ್ತೆ ಮಾವ ಹೊಲಕ್ಕೆ ಹೋಗಿದ್ದರು. ಗೆಳತಿ ಕೂಸಿಗೆ ಉಣ್ಣಿಸುತ್ತಿದ್ದಳು. ನಾನು ಯಾರೆಂದು ಹೇಳಿದೊಡನೆ ಆಕೆಯ ಮುಖ ಬಾಡಿತು. ನೀರು ತರಲು ಎದ್ದಾಗ ಎಡಗಾಲು ಎಳೆಯುತ್ತಿದ್ದುದು ಕಂಡಿತು.

ನಾನು ಸುತ್ತಿ ಬಳಸಿ ಕೇಳಲಿಲ್ಲ. ಕರ್ಜಗಿಗೆ ಹೋಗಿದ್ದು, ತಿರುವಿನಲ್ಲಿ ನಿಂತು ನೋಡಿದ್ದು ಎರಡನ್ನೂ ಹೇಳಿದೆ. ಆಕೆ ಕೂಸಿನ ಬಾಯಿ ಒರೆಸಿ, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಳು.

“ಆಸ್ಪತ್ರಿಯೊಳಗ ಕಣ್ಣ ಬಿಟ್ಟಾಗ ಆಕಿ ಅವ್ವ ಮುಂದ ನಿಂತಿದ್ರು” ಎಂದಳು. “ನನ್ನ ಮಗಳು ಏನರ ಅಂದ್ಳೇನು ಅಂತ ಕೇಳಿದ್ರು. ನನಗೇನೂ ನೆನಪಿಲ್ಲ ಅಂದೆ. ಮರುದಿನ ಮತ್ತ ಬಂದ್ರು. ಮತ್ತ ಅದನ್ನ ಕೇಳಿದ್ರು. ಅವರ ಮಾರಿ ನೋಡಾಕ ಆಗವಲ್ದಾಗಿತ್ರಿ ಅಕ್ಕಾರ. ಅವ್ವಾ ಅಂದ್ಳು ಅಂತ ಅಂದಬಿಟ್ಟೆ.”

“ಅವರಿಬ್ಬರೂ ಮಾತ ಬಿಟ್ಟಿದ್ದು ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ. ಅದಕ್ಕ ಅಂದೆ.”

“ಖರೇನ ಆಕಿ ಕೊನಿಗೆ ಅಂದದ್ದು ನಿನಗ ಏನ ನೆನಪೈತಿ?”

ಆಕೆ ತಡಮಾಡಲಿಲ್ಲ. “ಹೆದ್ದಾರಿಗೆ ಬಂದ ಮ್ಯಾಲೆ ನನ್ನ ಹೆಗಲ ಮ್ಯಾಲೆ ತಲಿ ಇಟ್ಳು. ಬ್ಯಾಡಗಿ ಬಂದ ಮ್ಯಾಲೆ ಎಬ್ಬಸು ಅಂದ್ಳು. ಅಷ್ಟರಿ. ಮಲ್ಕೊಂಡ್ಳು.”

ಹೊರಡುವಾಗ ಬಾಗಿಲವರೆಗೆ ಬಂದಳು. “ನನ್ನ ಸುಳ್ಳಿ ಅಂದ್ರೂ ಅನ್ನಲಿ, ಅದಕ್ಕೇನಿಲ್ರಿ. ಆದ್ರ ಅವರಿಗೆ ಉಳದದ್ದು ಅದೊಂದ ಮಾತು. ಅವರಿಗೆ ಗೊತ್ತಾಗೂದು ಬ್ಯಾಡ.”

“ನಾ ಹೇಳಂಗಿಲ್ಲ” ಎಂದೆ. ಹೇಳುವಾಗ ಅದು ಸುಲಭದ ಮಾತೆನಿಸಿತ್ತು.

ಸಂಪಾದಕರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಅವಸರದವರೂ ಅಲ್ಲ. ಸ್ವಲ್ಪ ಯೋಚಿಸಿ, “‘ತಾಯಿ ಹೇಳ್ತಾಳ’ ಅಂತ ಒಂದ ಮಾತ ಸೇರಸ್ರಿ ಮೇಡಂ, ಮುಗೀತು. ‘ಅವ್ವಾ ಎಂದಳಂತೆ’ ಅನ್ರಿ. ನೀವೇನ ಸುಳ್ಳ ಬರದಂಗ ಆಗಂಗಿಲ್ಲ. ತಾಯಿ ಹಂಗ ಹೇಳೂದಂತೂ ಖರೇ ಅಲ್ಲೇನು?” ಎಂದರು.

ಹಾಗೆ ಬರೆದು ನೋಡಿದೆ. ‘ಕೊನೆಗೆ ಅವ್ವಾ ಎಂದು ಕರೆದಳಂತೆ.’ ನಮ್ಮ ಭಾಷೆಯಲ್ಲಿ ಈ ‘ಅಂತೆ’ ಬಹಳ ಉಪಕಾರದ್ದು. ನಾನು ಕಂಡಿಲ್ಲ, ಕೇಳಿದವರು ಹೇಳಿದ್ದು ಎಂಬುದನ್ನು ಎರಡಕ್ಷರದಲ್ಲಿ ಮುಗಿಸುತ್ತದೆ. ಮೂವತ್ತು ಸಲ ಬಳಸಿದರೂ ಓದುವವರಿಗೆ ಭಾರವಾಗುವುದಿಲ್ಲ. ಪುಸ್ತಕದ ತುಂಬ ಅದನ್ನು ನಾನು ಬಳಸಿದ್ದೆ. ಆದರೆ ಅಲ್ಲೆಲ್ಲ ನನಗೆ ನಿಜಕ್ಕೂ ಗೊತ್ತಿರಲಿಲ್ಲ, ಹಾಗಾಗಿ ಬಳಸಿದ್ದೆ. ಇಲ್ಲಿ ನನಗೆ ಗೊತ್ತು. ಗೊತ್ತಿದ್ದೂ ‘ಅಂತೆ’ ಎಂದು ಬರೆದರೆ ವಾಕ್ಯ ತಪ್ಪಲ್ಲ, ಆದರೆ ಓದುವವರು ಅದನ್ನು ನಂಬುತ್ತಾರೆ, ನಂಬಲಿ ಎಂದೇ ನಾನು ಅದನ್ನು ಅಲ್ಲಿಟ್ಟಿರುತ್ತೇನೆ. ಎರಡು ದಿನ ಆ ವಾಕ್ಯವನ್ನು ಹಿಂದೆ ಮುಂದೆ ಮಾಡಿದೆ. ತಾಯಿಯ ಬಾಯಲ್ಲೇ ಇಟ್ಟೆ, ಆವರಣದಲ್ಲಿ ಇಟ್ಟೆ, ಅಧ್ಯಾಯದ ನಡುವೆ ಯಾರ ಕಣ್ಣಿಗೂ ಬೀಳದ ಕಡೆ ಇಟ್ಟೆ. ಎಲ್ಲಿಟ್ಟರೂ ಅದು ಅದೇ ಕೆಲಸ ಮಾಡುತ್ತಿತ್ತು.

ಇದು ಆಗುವುದಿಲ್ಲ ಎಂದು ಹೇಳಲು ಮತ್ತೆ ಫೋನ್ ಮಾಡಿದಾಗ ಸಂಪಾದಕರು ಇನ್ನೊಂದು ದಾರಿ ತೋರಿಸಿದರು. “ಹಂಗಾರ ಪೂರಾ ಬರೀರಿ. ಆಸ್ಪತ್ರಿ, ತಾಯಿ ಕೇಳಿದ್ದು, ಗೆಳತಿ ಹೇಳಿದ್ದು, ನೀವು ಹುಡುಕ್ಯಾಡಿದ್ದು, ಎಲ್ಲಾ. ಖರೇ ಹೇಳ್ತೇನಿ, ಇದು ಮೊದಲಿನ ಅಧ್ಯಾಯಕ್ಕಿಂತ ದೊಡ್ಡದೈತಿ.”

ಅವರು ಹೇಳಿದ್ದು ಸರಿಯಾಗಿತ್ತು. ನನಗೂ ಅದು ಮೊದಲೇ ಕಂಡಿತ್ತು. ಹಲಗೇರಿಯಿಂದ ಬರುವ ಬಸ್ಸಿನಲ್ಲೇ ಅದರ ಮೊದಲ ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಅಧ್ಯಾಯದಲ್ಲಿ ಒಂದು ವಾಕ್ಯವೂ ಊಹೆ ಇರುತ್ತಿರಲಿಲ್ಲ. ಪ್ರತಿಯೊಂದಕ್ಕೂ ಅಂಚಿನಲ್ಲಿ ಗುರುತು ಹಾಕಬಹುದಿತ್ತು. ಅದು ಅಚ್ಚಾದ ದಿನ ಅಗಡಿಯಲ್ಲಿ ಯಾರಾದರೂ ಆ ತಾಯಿಗೆ ಓದಿ ಹೇಳುತ್ತಿದ್ದರು, ಅಷ್ಟೇ.

ತಾಯಿಗೆ ಗೊತ್ತಾಗುವುದು ಬೇಡ ಎಂದು ಕೇಳಿಕೊಂಡ ಗೆಳತಿಯ ಮಾತಿಗಿಂತ ಓದುವವರಿಗೆ ಎಲ್ಲವನ್ನೂ ಹೇಳುವ ಹಟ ದೊಡ್ಡದೇ? ಬರೆದದ್ದೆಲ್ಲ ನಿಜವಾಗಿರಬೇಕು ಎಂಬುದು ನನ್ನ ನಿಯಮ. ನಿಜವಾದದ್ದನ್ನೆಲ್ಲ ಬರೆಯಬೇಕು ಎಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ಇವೆರಡರ ನಡುವೆ ಇದ್ದ ಸಣ್ಣ ಜಾಗದಲ್ಲಿ ಅಧ್ಯಾಯವನ್ನು ನಿಲ್ಲಿಸಬೇಕೆಂದು ತೀರ್ಮಾನಿಸಿದೆ. ಹುಡುಗಿ ಗೆಳತಿಯ ಹೆಗಲ ಮೇಲೆ ತಲೆಯಿಟ್ಟು, ಬ್ಯಾಡಗಿ ಬಂದಾಗ ಎಬ್ಬಿಸು ಎಂದು ಮಲಗುವಲ್ಲಿಗೆ ಮುಗಿಸುವುದು. ಗಾಡಿ ಉರುಳುವುದು ಮುಂದಿನ ಅಧ್ಯಾಯದಲ್ಲಿ, ಎಚ್ಚರವಿದ್ದವರ ಮಾತಿನಲ್ಲಿ. ‘ಅವ್ವಾ’ ಎಲ್ಲಿಯೂ ಇಲ್ಲ.

ಒಂದು ಪದ ತೆಗೆದರೆ ಸಾಕು ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಇಡೀ ಅಧ್ಯಾಯ ಆ ಕೂಗಿನ ಕಡೆಗೆ ಇಳಿಜಾರಾಗಿತ್ತು. ತಾಯಿ ಮಗಳ ಜಗಳ, ಕಟ್ಟೆಯ ಮೇಲಿಟ್ಟ ಬುತ್ತಿ, ಹೇಳದೆ ಹೋದದ್ದು, ಎಲ್ಲವನ್ನೂ ಕೊನೆಯಲ್ಲಿ ಒಂದು ಸಮಾಧಾನ ಬರುತ್ತದೆ ಎಂಬ ಧೈರ್ಯದಲ್ಲಿ ಬರೆದಿದ್ದೆ. ಈಗ ಸಮಾಧಾನ ಇಲ್ಲ. ಜಗಳ ಹಾಗೇ ಉಳಿಯುತ್ತದೆ. ತಾಯಿ ಮಗಳ ಕುರಿತ ವಾಕ್ಯಗಳನ್ನೆಲ್ಲ ಮತ್ತೆ ಮೊದಲಿನಿಂದ ಬರೆದೆ. ಎಷ್ಟು ಸಣ್ಣದಾಗಿ ಬರೆದರೂ ಅವು ಮೊದಲಿಗಿಂತ ಕಠಿಣವಾಗಿ ಕೇಳಿಸುತ್ತಿದ್ದವು.

ಅಚ್ಚಿಗೆ ಕಳಿಸುವ ಮುನ್ನ ಯಾರ ಬಗ್ಗೆ ಬರೆದಿದ್ದೇನೋ ಅವರಿಗೆ ಓದಿ ಹೇಳುವುದು ನನ್ನ ರೂಢಿ. ತಪ್ಪಿದ್ದರೆ ತಿದ್ದುತ್ತಾರೆ, ಬೇಡವಾದದ್ದು ಇದ್ದರೆ ಬೇಡ ಎನ್ನುತ್ತಾರೆ. ಈ ಸಲ ಬಿಟ್ಟುಬಿಡೋಣ ಎನಿಸಿತು. ಬಿಡಲು ಕಾರಣ ಸಿಗಲಿಲ್ಲ. ಮಧ್ಯಾಹ್ನ ಅಗಡಿಗೆ ಹೋದಾಗ ತಾಯಿ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಹಲಗೇರಿಗೂ ಹೋಗಿ ಬಂದೆ ಎಂದು ಹೇಳಿ, ನಾನು ಹೊಸ್ತಿಲ ಈಚೆ ಕೂತು ಓದಿದೆ. ಅವರು ಹೇಳಿದ ಮಾತುಗಳನ್ನು ಅವರು ಹೇಳಿದ ಹಾಗೇ ಬರೆದಿದ್ದೆ, ಅದು ಬಂದಾಗ ತಲೆ ಆಡಿಸುತ್ತಿದ್ದರು. ಬುತ್ತಿಯ ಜಾಗಕ್ಕೆ ಬಂದಾಗ, “ಎರಡ ರೊಟ್ಟಿ ಅಲ್ರಿ, ಮೂರ ಕಟ್ಟಿದ್ದೆ” ಎಂದರು. ತಿದ್ದಿಕೊಂಡೆ. ಕೊನೆಯ ಸಾಲು ಓದಿ ಹಾಳೆ ಮಡಿಸಿದೆ.

“ಮುಂದ?” ಎಂದರು.

“ಇದು ಇಲ್ಲಿಗೆ ಮುಗೀತೈತ್ರಿ ಅವ್ವಾರ.”

“ಗಾಡಿ ಬಿದ್ದದ್ದು?”

“ಅದು ಮುಂದಿನದರಾಗ ಬರ್ತೈತ್ರಿ. ಯಾರ್ಯಾರಿಗೆ ಪೆಟ್ಟಾತು, ಯಾರ್ಯಾರು ಓಡಿ ಬಂದ್ರು, ಅದೆಲ್ಲ.”

“ಆಕಿ ನನ್ನ ಕರದದ್ದು ಅದರಾಗ ಬರ್ತೈತೇನು?”

ಈ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ. “ನನಗ ಖಾತ್ರಿ ಮಾಡ್ಕೊಳ್ಳಾಕ ಆಗಲಿಲ್ರಿ. ಅದಕ್ಕ ಬಿಟ್ಟೆ.”

“ಹಲಗೇರಿಗೆ ಹೋಗಿ ಬಂದೆ ಅಂದ್ರಲ್ಲ. ಆಕಿನ್ನ ಕೇಳಿದ್ರ ಹೇಳ್ತಿದ್ಳು.”

“ಕೇಳೇನ್ರಿ.”

“ಏನಂದ್ಳು?”

ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಅದು ಪುಸ್ತಕದಲ್ಲಿ ಬರುತ್ತಿರಲಿಲ್ಲ, ನನ್ನ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಹೌದು ಅಂದಳು, ಆದರೆ ಬರೆಯಲು ಮನಸ್ಸಾಗಲಿಲ್ಲ ಎಂದರೆ ಮುಗಿಯುತ್ತಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಬಹಳ ಹೊತ್ತಾಗಿಬಿಟ್ಟಿತ್ತು. ಜೋಳದಲ್ಲಿ ಆಡುತ್ತಿದ್ದ ಅವರ ಕೈ ನಿಂತಿತ್ತು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು ಒಳಗೆ ಹೋದರು. ಪಾತ್ರೆಯ ಸದ್ದಾಯಿತು, ಎಮ್ಮೆಗೆ ಏನೋ ಅಂದದ್ದು ಕೇಳಿಸಿತು. ನಾನು ಎದ್ದು ಹೋಗಲೋ ಕೂತಿರಲೋ ತಿಳಿಯದೆ ಕೂತಿದ್ದೆ. ಹೊರಗೆ ಬಂದಾಗ ಮುಖ ತೊಳೆದಿದ್ದರು.

“ನನ್ನ ಮಗಳ ಹೆಸರು ಹಾಕಬ್ಯಾಡ್ರಿ ಅದರಾಗ” ಎಂದರು. “ನಂದೂ ಬ್ಯಾಡ.”

“ಆತ್ರಿ” ಎಂದೆ.

“ಹೊತ್ತಾತು. ಬಸ್ಸು ಬರೂ ಹೊತ್ತು. ಹೋಗಿ ಬರ್ರಿ.”

ಆವತ್ತೇ ಸಂಜೆ ಹಲಗೇರಿಗೆ ಫೋನ್ ಮಾಡಿ ನಡೆದದ್ದನ್ನು ಗೆಳತಿಗೆ ತಿಳಿಸಿದೆ. ಆಕೆಗೆ ಮೊದಲೇ ಗೊತ್ತಾಗಲಿ ಎಂದು.

“ಹೇಳಂಗಿಲ್ಲ ಅಂದಿದ್ರಿ” ಎಂದಳು.

“ನಾ ಏನೂ ಹೇಳಲಿಲ್ಲ.”

“ಹೂನ್ರಿ. ನೀವೇನೂ ಹೇಳಲಿಲ್ಲ” ಎಂದು ಇಟ್ಟಳು.

ಹೆಸರು ತೆಗೆಯುವುದೆಂದರೆ ಹುಡುಕಿ ಅಳಿಸುವಷ್ಟು ಸುಲಭವಲ್ಲ. ಹೆಸರು ಹೋದರೂ ಊರು, ಮನೆ, ಮುರಿದ ಮಾತು ಉಳಿದರೆ ಯಾರಿಗಾದರೂ ಗುರುತು ಸಿಗುತ್ತದೆ. ಪುಸ್ತಕದಲ್ಲಿ ಊರು ಬದಲಿಸಲು ಬರುವುದಿಲ್ಲ, ಅದೂ ಸುಳ್ಳಾಗುತ್ತದೆ. ಊರು ಹೇಳದೆ ಬಿಟ್ಟೆ. ಮನೆ ಬಿಟ್ಟೆ, ಎಮ್ಮೆ ಬಿಟ್ಟೆ, ಜಗಳವನ್ನೂ ಬಿಟ್ಟೆ. ಓದುವವರು ಹತ್ತಿರದಿಂದ ನೋಡಬೇಕೆಂದು ಯಾರಿಂದ ಪುಸ್ತಕ ಶುರು ಮಾಡಿದ್ದೆನೋ ಅವಳು ಒಂದು ಗಾಡಿಯಲ್ಲಿ ಮಲಗಿಕೊಂಡು ಹೋಗುವ ಒಬ್ಬ ಹುಡುಗಿಯಾಗಿ ಉಳಿದಳು. ಪತ್ರಿಕೆಯ ನಾಲ್ಕು ಸಾಲಿನಲ್ಲಾದರೂ ಅವಳಿಗೆ ಒಂದು ಹೆಸರಿತ್ತು. ಸಂಪಾದಕರು ಹೊಸ ಕರಡು ಓದಿ, “ಆತು ಬಿಡ್ರಿ, ತಪ್ಪೇನಿಲ್ಲ ಇದರಾಗ” ಎಂದರು. ಊಟದ ಮಾತು ಆಡಲಿಲ್ಲ. ಈ ಅಧ್ಯಾಯವನ್ನು ಮೊದಲಿಗೆ ಇಡುವುದು ಬೇಡ, ನಾಲ್ಕನೆಯದು ಮಾಡೋಣ ಎಂದರು. ಒಪ್ಪಿದೆ.

ಈಗ ಪುಸ್ತಕದ ಹೊರಗಿನ ಈ ಬರಹವನ್ನು ಬರೆಯುವ ಮುನ್ನ ತಾಯಿ, ಗೆಳತಿ ಇಬ್ಬರನ್ನೂ ಕೇಳಿದ್ದೇನೆ. “ಹೆಸರಿಲ್ಲದಂಗ ಏನ ಬರಕೊಂಡ್ರೂ ಬರಕೋರ್ರಿ, ಊರ ಮಂದೀಗೆ ಈಗ ಗೊತ್ತ ಐತಿ” ಎಂದರು ತಾಯಿ. ಗೆಳತಿ ಬರೆಯಿರಿ ಎಂದಳು. ಆಕೆ ಹಾಗೆನ್ನಲು ಕಾರಣವಾದದ್ದು ಅದಕ್ಕೆ ಮುಂಚೆ ನಡೆದಿದ್ದ ಒಂದು ಸಂಗತಿ.

ಆ ಸಂಜೆ ಫೋನ್ ಇಟ್ಟುಬಿಟ್ಟಿದ್ದ ಆಕೆ ಕೆಲವು ವಾರಗಳ ನಂತರ ತಾನಾಗಿಯೇ ಫೋನ್ ಮಾಡಿದಳು.

“ಆಕಿ ಅವ್ವ ಬಂದಿದ್ರು, ಅಕ್ಕಾರ” ಎಂದಳು. “ಒಬ್ಬರ ಬಂದಿದ್ರು, ರಾಣೆಬೆನ್ನೂರಾಗ ಬಸ್ಸ ಬದಲಿ ಮಾಡಿ. ನಮ್ಮ ಅತ್ತೀ ಮುಂದ ಏನೂ ಅನ್ನಲಿಲ್ಲ. ಕೂಸಿಗೆ ಕುಂಚಿಗಿ ಹೊಲಕೊಂಡು ಬಂದಿದ್ರು. ಅತ್ತಿ ಹೊಲಕ್ಕ ಹೋದ ಮ್ಯಾಲೆ ನನ್ನ ಕೈ ಹಿಡಕೊಂಡು ಕುಂತ್ರು. ಬೈತಾರ ಅಂತ ಮಾಡಿದ್ದೆ. ಬೈಯಲಿಲ್ರಿ. ಯಾಕ ಸುಳ್ಳ ಹೇಳಿದಿ ಅಂತನೂ ಕೇಳಲಿಲ್ಲ.”

“ಮತ್ತೇನ ಕೇಳಿದ್ರು?”

“ಆವತ್ತ ನಿನಗ ಭಾಳ ನೋವಾಗಿತ್ತೇನವಾ ಅಂತ ಕೇಳಿದ್ರು.” ಎಂದಳು. “ಇಷ್ಟ ವರ್ಷದಾಗ ಅದನ್ನ ಯಾರೂ ಕೇಳಿರಲಿಲ್ರಿ ನನಗ. ಎಲ್ಲಾರೂ ಆಕೀದ ಕೇಳ್ತಿದ್ರು.”

ಆಕೆ ಸುಧಾರಿಸಿಕೊಂಡು, “ನಿಮಗೂ ಹೇಳ್ಲೇನ್ರಿ ಅದನ್ನ?” ಎಂದಳು.

“ಹೇಳವಾ.”

ಆಕೆ ಹೇಳತೊಡಗಿದಳು. ಎಬ್ಬಿಸು ಎಂದವಳು ಮಲಗಿದ ಮೇಲೆ ತನಗೂ ನಿದ್ದೆ ಹತ್ತಿದ್ದು, ಯಾವ ಊರು ಬಂತೆಂದು ನೋಡದೆ ಹೋದದ್ದು, ವಾರ್ಡಿನಲ್ಲಿ ಕಣ್ಣು ಬಿಟ್ಟಾಗ ಕಾಲು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಲು ಧೈರ್ಯವಾಗದೆ ಇದ್ದದ್ದು, ಕುಂಟಿಯೆಂದು ಗೊತ್ತಾಗದ ಹಾಗೆ ನಡೆಯಲು ಮದುವೆಗೆ ಮುಂಚೆ ಹಿತ್ತಲಿನಲ್ಲಿ ಕಲಿತದ್ದು. ನಡುನಡುವೆ ಕೂಸು ಅಳುತ್ತಿತ್ತು, ಸಮಾಧಾನ ಮಾಡಿ ಮತ್ತೆ ಮುಂದುವರಿಸುತ್ತಿದ್ದಳು. ಒಂದು ಮಾತನ್ನೂ ನಾನು ಬರೆದುಕೊಳ್ಳಲಿಲ್ಲ. ಪುಸ್ತಕ ಆಗಲೇ ಅಚ್ಚಿಗೆ ಹೋಗಿತ್ತು.